ಭಾಲ್ಕಿ ಎರೆ ಸೀಮೆಯ ಒಂದು ದೇವಾಲಯ: ಸೇವೆಗೆ ನಿಂತವರ ಕೆಲಸ ಹೇಗಿದೆ?

ಹಳ್ಳಿಯಲ್ಲಿ ಕಟ್ಟಡಕ್ಕೆ ಶ್ರಮದಾನ ಅಂದರೆ ಗೌಂಡಿಗಳು ಮೊದಲು ಹಿಂದೆ ಸರಿಯುತ್ತಾರೆ. ಮೊದಲ ವಾರ ಐವತ್ತು ಜನ ಬರುತ್ತಾರೆ, ಮೂರನೇ ವಾರಕ್ಕೆ ಐದು ಜನ ಉಳಿಯುತ್ತಾರೆ, ಬಂದವರಿಗೆ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ, ಪಗಾರ ಇಲ್ಲದವರಿಗೆ ಗದರಿಸಲೂ ಆಗುವುದಿಲ್ಲ. ಈ ಅಂಜಿಕೆ ಸುಳ್ಳಲ್ಲ. ಆದರೆ ಬೀದರ್ ಜಿಲ್ಲೆಯ ಭಾಲ್ಕಿ ತಾಲೂಕಿನ ಒಂದು ಸಣ್ಣ ಊರಿನಲ್ಲಿ ಕ್ರೈಸ್ತ ಸಭೆಯವರು ಕಟ್ಟಿಕೊಂಡ ದೇವಾಲಯದಲ್ಲಿ ಸೇವೆಗೆ ನಿಂತವರ ಕೆಲಸವನ್ನು ಪಾಯಾದಿಂದ (ಅಡಿಪಾಯ) ಫರ್ಸಿಯವರೆಗೆ (ನೆಲಹಾಸಿನ ಕಲ್ಲು) ನೋಡಿದರೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಕಳೆದ ಒಂದು ಅಂಕ ಯಾಕೆ ಹೋಯಿತು ಎಂಬುದನ್ನೂ ಬರೆಯುತ್ತೇವೆ. ಬೇರೆ ಊರಲ್ಲಿ ಕಟ್ಟುವವರಿಗೆ ಹೊಗಳಿಕೆಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂದೀತು.

ಕಟ್ಟಡ ದೊಡ್ಡದೇನಲ್ಲ. 40 ಅಡಿ ಉದ್ದ, 24 ಅಡಿ ಅಗಲದ ಒಂದೇ ಹಾಲು, ಮುಂದೆ ಪೋರ್ಚು, ಒಳಗೆ ಮೂರು ಮೆಟ್ಟಿಲಿನ ಆಲ್ಟರ್. ಹಾಲಿಗೆ ಹತ್ತು ಕಾಲಂ, ಪೋರ್ಚಿಗೆ ಎರಡು. ನಕ್ಷೆ, ಸಲಾಕಿಯ (ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು) ಲೆಕ್ಕ ಇಂಜಿನಿಯರದ್ದು. ಗೌಂಡಿ ಕೆಲಸ, ಸೆಂಟ್ರಿಂಗ್ (ಕಾಂಕ್ರೀಟು ಗಟ್ಟಿಯಾಗುವವರೆಗೆ ಹೊರುವ ಹಲಗೆ, ಕಂಬಗಳ ಕೆಲಸ), ಕರೆಂಟು ಈ ಮೂರಕ್ಕೂ ಪಗಾರ ಕೊಟ್ಟು ಕಸುಬುದಾರರನ್ನೇ ಕರೆದಿದ್ದಾರೆ. ಉಳಿದದ್ದೆಲ್ಲ ಸಭೆಯ ಯುವಕರು, ಮಹಿಳಾ ಸಮಾಜದವರು, ಹಿರಿಯರು, ಜೊತೆಗೆ ಟ್ರ್ಯಾಕ್ಟರ್ ಕೊಟ್ಟ ಊರಿನ ಲಿಂಗಾಯತ ರೈತರು ಮಾಡಿದ್ದು. ಈ ಪಾಲು ಹಂಚಿಕೆಯೇ ಅವರ ಮೊದಲ ಜಾಣತನ. ಸೆಂಟ್ರಿಂಗನ್ನು ಉಮೇದಿನ ಹುಡುಗರ ಕೈಗೆ ಕೊಟ್ಟು ಛತ್ (ಮೇಲ್ಚಾವಣಿ) ಬಾಗಿಸಿಕೊಂಡ ಕಟ್ಟಡಗಳು ನಮ್ಮ ಭಾಗದಲ್ಲಿ ಕಡಿಮೆ ಇಲ್ಲ.

ಪಾಯಾದಿಂದ ಶುರು ಮಾಡೋಣ, ಯಾಕೆಂದರೆ ಎರೆ ಭೂಮಿಯಲ್ಲಿ ಕಟ್ಟಡದ ಆಯುಷ್ಯ ಅಲ್ಲೇ ತೀರ್ಮಾನವಾಗುತ್ತದೆ. ಬೀದರ್ ಪಟ್ಟಣದ ಕೆಂಪುಗಲ್ಲಿನ ಗುಡ್ಡದ ಮೇಲೆ ಕಟ್ಟುವವರಿಗೆ ಈ ಕಷ್ಟ ಇಲ್ಲ. ಕೆಳಗೆ ಇಳಿದು ಭಾಲ್ಕಿ, ಔರಾದ್ ಕಡೆ ಬಂದರೆ ಕರಿ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲೆ ನಿಂತ ಗೋಡೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಇಲ್ಲಿ ಐದು ಅಡಿಯವರೆಗೆ ಎರೆ, ಆಮೇಲೆ ಗಟ್ಟಿ ಮುರುಮು, ಅಂದರೆ ಕಲ್ಲು ಸವೆದಾದ ಗರಸು ಮಣ್ಣು. ಹನ್ನೆರಡು ಗುಂಡಿಗಳನ್ನೂ ಮುರುಮಿನೊಳಗೆ ಒಂದೂವರೆ ಅಡಿ ಇಳಿಸಿ, ಆರೂವರೆ ಅಡಿ ಆಳ ಮಾಡಿದ್ದಾರೆ. ಮೇಲಿನ ಮಣ್ಣು ಜೆಸಿಬಿ ತೆಗೆದಿದೆ, ಕೊನೆಯ ಒಂದು ಅಡಿ ಮಾತ್ರ ಯುವಕರು ಗುದ್ದಲಿ, ಸಲಿಕೆಯಲ್ಲಿ ಬಿಡಿಸಿದ್ದಾರೆ. ಹೀಗೇ ಮಾಡಬೇಕು. ಜೆಸಿಬಿಯ ಹಲ್ಲು ತಳದ ಮುರುಮನ್ನು ಅಲುಗಿಸಿಬಿಡುತ್ತದೆ. ಸಡಿಲ ಮಣ್ಣಿನ ಮೇಲೆ ಬೆಡ್ ಕಾಂಕ್ರೀಟ್ ಹಾಕಿದರೆ ಆಮೇಲೆ ಕಾಲಂ ಕುಸಿದು ಕೂರುತ್ತದೆ. ಎಲ್ಲಿಯಾದರೂ ಹೆಚ್ಚು ಆಳ ಹೋದರೆ ಅದನ್ನು ಮಣ್ಣು ತುಂಬಿ ಸರಿಮಾಡದೆ 1:4:8 (ಒಂದು ಪಾಲು ಸಿಮೆಂಟು, ನಾಲ್ಕು ಉಸುಕು, ಎಂಟು ಖಡಿ ಅಂದರೆ ಜಲ್ಲಿಕಲ್ಲು) ಕಾಂಕ್ರೀಟೇ ತುಂಬಬೇಕು. ಒಂದು ಗುಂಡಿಯಲ್ಲಿ ಹಾಗಾಗಿತ್ತು, ಹಾಗೇ ಮಾಡಿದ್ದಾರೆ.

ಗುಂಡಿಯ ಸುರಕ್ಷತೆಯಲ್ಲಿ ಅವರು ಎಡವಿದ್ದಾರೆ. ತೆಗೆದ ಮಣ್ಣನ್ನು ಅಂಚಿಗೇ ರಾಶಿ ಹಾಕಿದ್ದರು. ಒಂದೂವರೆ ಮೀಟರ್ ಮೀರಿದ ಗುಂಡಿಯಲ್ಲಿ ಮನುಷ್ಯ ಇಳಿಯುವುದಾದರೆ ಬದಿಗೆ ಆಸರೆ ಕೊಡಬೇಕು, ಇಲ್ಲವೇ ಬದಿಯನ್ನು ಇಳಿಜಾರಾಗಿ ಕಡಿಯಬೇಕು, ಮಣ್ಣಿನ ರಾಶಿ ಕನಿಷ್ಠ ಒಂದೂವರೆ ಮೀಟರ್ ದೂರ ಇರಬೇಕು. ಒಣಗಿದ ಎರೆ ಮಣ್ಣು ಗೋಡೆಯ ಹಾಗೆ ನಿಂತಂತೆ ಕಾಣುತ್ತದೆ, ಬಿರುಕಿನ ಗುಂಟ ಒಮ್ಮೆಲೇ ಹೆಂಟೆಯಾಗಿ ಕಳಚುತ್ತದೆ. ಇಲ್ಲಿ ಕಳಚಿದ್ದು ಗುಂಡಿಯಲ್ಲಿ ಯಾರೂ ಇಲ್ಲದ ರಾತ್ರಿ. ಮರುದಿನ ರಾಶಿಯನ್ನೆಲ್ಲ ದೂರಕ್ಕೆ ಎಳೆದು ಹಾಕಿದ್ದಾರೆ. ಮೊದಲೇ ಮಾಡಬೇಕಿತ್ತು.

ಪ್ಲಿಂತ್ (ಹೊರಗಿನ ನೆಲದಿಂದ ಫರ್ಸಿಯವರೆಗಿನ ಎತ್ತರ) ತುಂಬುವಾಗಿನ ಒಂದು ಘಟನೆ ಎಲ್ಲ ಊರಲ್ಲೂ ನಡೆಯುವಂಥದ್ದು. ಗುಂಡಿಯಿಂದ ತೆಗೆದ ಕರಿ ಮಣ್ಣು ಅಲ್ಲೇ ಬಿದ್ದಿರುತ್ತದೆ, ಪುಕ್ಕಟೆ. ಅದನ್ನೇ ಒಳಗೆ ತುಂಬಿದರೆ ಮುರುಮಿನ ದುಡ್ಡು ಉಳಿಯುತ್ತದೆ ಅನಿಸುತ್ತದೆ. ಆಗ್ನೇಯ ಮೂಲೆಯಲ್ಲಿ ಒಂದು ಟ್ರಾಲಿ ತುಂಬಿಯೂ ಬಿಟ್ಟಿದ್ದರು. ಮೇಸ್ತ್ರಿ ನೋಡಿ, ಫರ್ಸಿಯ ಕೆಳಗೆ ಎರೆ ಇದ್ದರೆ ಎರಡೇ ಮಳೆಗಾಲಕ್ಕೆ ನೆಲ ಉಬ್ಬಿ ಕಲ್ಲು ಎದ್ದು ನಿಲ್ಲುತ್ತದೆ ಎಂದು ತೋರಿಸಿಕೊಟ್ಟ ಮೇಲೆ ಅದೇ ಹುಡುಗರು ಅದೇ ಸಂಜೆ ಅಷ್ಟನ್ನೂ ಹೊರಗೆ ಹಾಕಿದರು. ಕೂಲಿಗೆ ಬಂದವರಾಗಿದ್ದರೆ ಈ ಎರಡನೇ ಕೆಲಸಕ್ಕೆ ಒಂದು ದಿನದ ವಾದ ನಡೆಯುತ್ತಿತ್ತು. 40 ಅಡಿ, 24 ಅಡಿ, ಎತ್ತರ ಎರಡೂವರೆ ಅಡಿ ಅಂದರೆ 2,400 ಘನ ಅಡಿ, ಅಂದರೆ 24 ಬ್ರಾಸ್. ದಮ್ಮಸ್ಸು ಮಾಡಿದಾಗ (ಬಡಿದು ಗಟ್ಟಿಸಿದಾಗ) ಕುಗ್ಗುವುದರಿಂದ 30 ಬ್ರಾಸ್ ಮುರುಮು ಬೇಕಾಯಿತು. ಆರಾರು ಇಂಚಿನ ಪದರ, ಪ್ರತಿ ಪದರಕ್ಕೂ ನೀರು, ಪ್ರತಿ ಪದರಕ್ಕೂ ದಮ್ಮಸ್ಸು. ಒಂದೇ ಸಲ ಎರಡೂವರೆ ಅಡಿ ಸುರಿದು ಮೇಲೆ ನೀರು ಬಿಟ್ಟರೆ ಮೇಲಿನ ಒಂದು ಅಡಿ ಮಾತ್ರ ಗಟ್ಟಿಯಾಗುತ್ತದೆ, ಒಳಗೆ ಪೊಳ್ಳು ಉಳಿಯುತ್ತದೆ. ಪ್ಲಿಂತ್ ಬೀಮಿನ ಕೆಳಗೂ ಎರೆ ತಾಗದಂತೆ ಮೂರು ಇಂಚು ಬಿಟ್ಟು ದಪ್ಪ ಉಸುಕು ಹಾಕಿದ್ದಾರೆ. ಮಣ್ಣು ಉಬ್ಬಿದರೆ ಆ ಜಾಗದಲ್ಲಿ ಉಬ್ಬಲಿ, ಬೀಮನ್ನು ಎತ್ತದಿರಲಿ ಎಂದು.

ಗೋಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 16 ಇಂಚು, 8 ಇಂಚು, 8 ಇಂಚಿನ ಸಿಮೆಂಟ್ ಬ್ಲಾಕು, 1:6 ಗಾರೆ. ಸುಟ್ಟ ಇಟ್ಟಿಗೆಯ ಮನೆ ಕಟ್ಟಿ ರೂಢಿಯಾದವರು ಬ್ಲಾಕನ್ನೂ ನೀರಿನ ಹೌದಿನಲ್ಲಿ ನೆನೆಹಾಕಲು ಹೊರಟಿದ್ದರು. ಇಟ್ಟಿಗೆಯನ್ನು ನೆನೆಸಲೇಬೇಕು, ಇಲ್ಲದಿದ್ದರೆ ಅದು ಗಾರೆಯ ನೀರು ಹೀರುತ್ತದೆ. ಸಿಮೆಂಟ್ ಬ್ಲಾಕು ಹಾಗಲ್ಲ, ನೆನೆದಾಗ ಹಿಗ್ಗಿ ಗೋಡೆಯಲ್ಲಿ ಒಣಗುವಾಗ ಕುಗ್ಗುತ್ತದೆ, ಗಿಲಾವಿನ ಮೇಲೆ ಜೋಡಣೆಯ ಗುಂಟ ಗೆರೆ ಬೀಳುತ್ತದೆ. ಇಡುವ ಮೊದಲು ಮೈ ತೇವ ಮಾಡಿದರೆ ಸಾಕು. ದಿನಕ್ಕೆ ಏಳು ವರಸೆ, ಅಂದರೆ ಒಂದೂವರೆ ಮೀಟರ್, ಅದಕ್ಕಿಂತ ಮೇಲೆ ಏರಿಸಿಲ್ಲ. ಹೊತ್ತು ಕೊಡುವವರು ಹೆಚ್ಚಿದ್ದಾಗ ಗೌಂಡಿಗೂ ಅವಸರ ಹತ್ತುತ್ತದೆ. ಇಲ್ಲಿ ಹಿರಿಯರೊಬ್ಬರು ಏಳನೇ ವರಸೆಗೆ ದಾರ ಕಟ್ಟಿ "ಇವತ್ತಿಗಿ ಸಾಕ್ರಿ" ಎಂದು ನಿಲ್ಲಿಸುತ್ತಿದ್ದರು.

ಛತ್ ಹಾಕಿದ ದಿನ ಈ ತಂಡದ ನಿಜವಾದ ಪರೀಕ್ಷೆ. ಐದು ಇಂಚಿನ ಸ್ಲ್ಯಾಬು, ಹತ್ತು ಅಡಿಗೊಂದರಂತೆ ಅಡ್ಡ ಬೀಮು, ಎರಡು ಉದ್ದದ ಬೀಮು, ಎಲ್ಲ ಸೇರಿ ಸುಮಾರು 570 ಘನ ಅಡಿ ಕಾಂಕ್ರೀಟು. 1:1.5:3 ಪ್ರಮಾಣಕ್ಕೆ ಸಿಮೆಂಟ್ 128 ಚೀಲ, ಉಸುಕು 2.4 ಬ್ರಾಸ್, ಖಡಿ 4.8 ಬ್ರಾಸ್. ಲಿಫ್ಟ್ ಇರುವ ಮಿಲ್ಲರು (ಕಾಂಕ್ರೀಟು ಕಲಸುವ ಯಂತ್ರ), ಅದರ ಗ್ಯಾಂಗು ಬಾಡಿಗೆಯದ್ದು. ಮಾಲು ತುಂಬುವುದು, ನೀರು ಅಳೆಯುವುದು, ಲೆಕ್ಕ ಇಡುವುದು, ಮೇಲೆ ಸಲಾಕಿ ಕಾಯುವುದು ಸಭೆಯವರದ್ದು. ಬೆಳಗಿನ ಆರಕ್ಕೆ ಶುರು, ಸಂಜೆ ಆರೂವರೆಗೆ ಮುಗಿಯಿತು.

ಈ ದಿನದ ಅತಿ ಒಳ್ಳೆಯ ಕೆಲಸ ಒಂದು ಮರದ ಪೆಟ್ಟಿಗೆ. 40 ಸೆಂಟಿಮೀಟರ್ ಉದ್ದ, 35 ಅಗಲ, 25 ಎತ್ತರ. ಒಳಗೆ ಹಿಡಿಯುವುದು 35 ಲೀಟರ್, ಅಂದರೆ ಒಂದು ಚೀಲ ಸಿಮೆಂಟಿನಷ್ಟೇ ಗಾತ್ರ. ಸಭೆಯ ಬಡಗಿ ಇಂಥ ನಾಲ್ಕು ಫರ್ಮಾ ಮಾಡಿಕೊಟ್ಟಿದ್ದರು. ಚೀಲ ಒಂದಕ್ಕೆ ಉಸುಕು ಒಂದೂವರೆ ಫರ್ಮಾ, ಖಡಿ ಮೂರು. ಬುಟ್ಟಿಯ ಲೆಕ್ಕದಲ್ಲಿ ಹಾಕಿದರೆ ಬೆಳಗಿನ ಬುಟ್ಟಿ ತುಂಬಿ ತುಳುಕುತ್ತದೆ, ಮಧ್ಯಾಹ್ನದ ಬುಟ್ಟಿ ಅರ್ಧಕ್ಕೆ ಇಳಿಯುತ್ತದೆ, ಛತ್ತಿನ ಒಂದು ಬದಿ ಒಂದು ಥರ, ಇನ್ನೊಂದು ಬದಿ ಇನ್ನೊಂದು ಥರ ಆಗುತ್ತದೆ. ಉಸುಕು ತೇವ ಇದ್ದರೆ ಉಬ್ಬಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತಂದಿದ್ದರು: ಗಾಜಿನ ಬರಣಿಯಲ್ಲಿ 20 ಸೆಂಟಿಮೀಟರ್ ತೇವದ ಉಸುಕು ತುಂಬಿ, ನೀರು ಹಾಕಿ ಕಲಕಿ ಬಿಟ್ಟಾಗ 16ಕ್ಕೆ ಇಳಿಯಿತು. ಅಂದರೆ ಉಬ್ಬು ಶೇಕಡಾ 25. ಒಂದೂವರೆ ಫರ್ಮಾ ಬದಲು ಎರಡಕ್ಕೆ ಸ್ವಲ್ಪ ಕಡಿಮೆ ಹಾಕಬೇಕು. ಇಷ್ಟು ನೋಡುವ ಗುತ್ತಿಗೆದಾರರು ತಾಲೂಕಿನಲ್ಲಿ ಎಷ್ಟು ಜನ ಸಿಗುತ್ತಾರೆ?

ನೀರಿಗೆ ಹತ್ತು ಲೀಟರಿನ ಬಕೆಟು, ಚೀಲಕ್ಕೆ ಎರಡೂವರೆ, ಎಷ್ಟೇ ಆದರೂ ಮೂರು. ಈ ಪ್ರಮಾಣಕ್ಕೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುವ ಮಿತಿ 30 ಲೀಟರ್. ಮಿಲ್ಲರ್ ಗ್ಯಾಂಗಿನವರು ಪೈಪು ಹಿಡಿದು ಬಿಡುತ್ತಾರೆ, ಯಾಕೆಂದರೆ ತೆಳು ಮಾಲು ತಾನೇ ಹರಿಯುತ್ತದೆ, ಅವರ ಕೈ ಹಗುರಾಗುತ್ತದೆ. ಛತ್ತಿನ ಬಲ ಹೋಗುತ್ತದೆ. ಬಕೆಟಿನ ಹತ್ತಿರ ನಿಂತಿದ್ದವರು ಕಾಲೇಜಿಗೆ ಹೋಗುವ ಇಬ್ಬರು ಹುಡುಗಿಯರು. "ಇನ್ನೊಂದ್ ಬಕೇಟ್ ಹಾಕ್ರಿ ಅಕ್ಕಾ, ಮಾಲ್ ಬಿರುಸ್ ಆಗ್ಯಾದ" ಎಂದು ಗ್ಯಾಂಗಿನವರು ಕೂಗಿದಾಗೆಲ್ಲ ಅವರು ಮೇಸ್ತ್ರಿಯ ಮುಖ ನೋಡುತ್ತಿದ್ದರು, ಆತ ತಲೆ ಆಡಿಸಿದರೆ ಮಾತ್ರ ಅರ್ಧ ಬಕೆಟು. ಹಳೆಯ ಬಾಗಿಲೊಂದರ ಮೇಲೆ ಸೀಮೆಸುಣ್ಣದಿಂದ ಚೀಲಕ್ಕೊಂದು ಗೆರೆ, ಐದಕ್ಕೊಂದು ಅಡ್ಡ ಗೆರೆ. ಖಾಲಿ ಚೀಲಗಳನ್ನು ಹತ್ತತ್ತರ ಕಟ್ಟು ಕಟ್ಟಿ ಪಕ್ಕಕ್ಕೆ. ಸಂಜೆ ಬಾಗಿಲಿನ ಲೆಕ್ಕ 131, ಚೀಲದ ಲೆಕ್ಕವೂ 131.

ತಪ್ಪಾದದ್ದು ಮೇಲೆ. ಬೀಮಿನ ಮೇಲ್ಭಾಗದಲ್ಲಿ ಹಾಯುವ ಸ್ಲ್ಯಾಬಿನ ಸಲಾಕಿ ಮೇಲೆಯೇ ಇರಬೇಕು. ಅಲ್ಲಿ ಸ್ಲ್ಯಾಬು ಮೇಲಿನಿಂದ ಸೀಳಲು ನೋಡುತ್ತದೆ. ಬೆಳಗ್ಗೆ ಮೊದಲ ಎರಡು ಗಂಟೆ ಹುಡುಗರು ಅದರ ಮೇಲೇ ತಿರುಗಾಡಿ ಕೆಳಗೆ ಬಾಗಿಸಿದ್ದಾರೆ. ಆಮೇಲೆ ಕುರ್ಚಿ ಸಲಾಕಿ (ಮೇಲಿನ ಸಲಾಕಿಯನ್ನು ಎತ್ತಿ ಹಿಡಿಯುವ ಬಾಗಿಸಿದ ತುಂಡು) ಸಿಕ್ಕಿಸಿ, ಮೇಲೆ ಹಲಗೆ ಹಾಸಿ, ಬಾಗಿದ್ದನ್ನು ಎತ್ತಿ ಕಟ್ಟಿದರು. ಹಲಗೆ ಹಿಂದಿನ ದಿನವೇ ಹಾಸಿರಬೇಕಿತ್ತು. ಪೂರ್ವದ ಬದಿಯ ಒಂದು ಬೀಮಿನ ಮೇಲೆ ಈಗ ಕೂದಲೆಳೆಯ ಗೆರೆಯೊಂದು ಕಾಣುತ್ತದೆ. ಅಪಾಯದ್ದಲ್ಲ, ಆದರೆ ಮಳೆಗಾಲಕ್ಕೆ ಮುಂಚೆ ತುಂಬಿಸಬೇಕು. ಕೆಳಗಿನ ಸಲಾಕಿಗೆ ಮಾತ್ರ 20 ಎಂಎಂ ಕವರ್ ಬ್ಲಾಕು (ಸಲಾಕಿ ಹಲಗೆಗೆ ತಾಗದಂತೆ ಕೆಳಗಿಡುವ ಸಿಮೆಂಟ್ ಬಿಲ್ಲೆ) ಒಂದೂ ತಪ್ಪಿಲ್ಲ. ಮಹಿಳಾ ಸಮಾಜದವರು ಅವನ್ನು ವಾರ ಮೊದಲೇ ಎರಕ ಹಾಕಿ, ನೀರಲ್ಲಿ ಇಟ್ಟು ಗಟ್ಟಿ ಮಾಡಿಕೊಂಡಿದ್ದರು. ಸಲಾಕಿಯ ಕೆಳಗೆ ಖಡಿಯ ಚೂರು ಸಿಕ್ಕಿಸುವ ಕೆಟ್ಟ ರೂಢಿ ಇಲ್ಲಿ ನಡೆದಿಲ್ಲ.

ಮಧ್ಯಾಹ್ನ ಮಿಲ್ಲರಿನ ಬೆಲ್ಟು ತುಂಡಾಗಿ ಒಂದೂವರೆ ಗಂಟೆ ಕೆಲಸ ನಿಂತಿತು. ಇಂಥಲ್ಲಿ ಕಾಂಕ್ರೀಟು ಎಲ್ಲಿ ಬಿತ್ತೋ ಅಲ್ಲಿಗೇ ಬಿಟ್ಟು ಊಟಕ್ಕೆ ಹೋಗುವುದು ಸಾಮಾನ್ಯ. ಇಲ್ಲಿ ಮೇಸ್ತ್ರಿ ಎರಡು ಬೀಮುಗಳ ನಡುವೆ, ಹರವಿನ ಮಧ್ಯಕ್ಕೆ ಸರಿಯಾಗಿ ಪಟ್ಟಿ ಕಟ್ಟಿ ನೇರ ಅಂಚು ಮಾಡಿಸಿದರು. ಅಂಚಿನ ಮೇಲೆ ಹುಡುಗರು ಒದ್ದೆ ಗೋಣಿ ಹೊದಿಸಿ ನಿಂತರು. ಬೆಲ್ಟು ಬಂದ ಮೇಲೆ ಅಂಚನ್ನು ತೊಳೆದು, ಸಿಮೆಂಟ್ ಹಾಲು ಬಳಿದು ಮುಂದುವರಿಸಿದರು. ಆ ಜೋಡಣೆ ಈಗ ಹುಡುಕಿದರೂ ಸಿಗುವುದಿಲ್ಲ, ಒಂದು ಹನಿ ಸೋರಿಲ್ಲ.

ಈಗ ಕ್ಯೂರಿಂಗ್, ಅಂದರೆ ಕಾಂಕ್ರೀಟಿಗೆ ನೀರುಣಿಸುವುದು. ಈ ಕಟ್ಟಡಕ್ಕೆ ನಾಲ್ಕು ಅಂಕ ಕೊಟ್ಟದ್ದೇ ಇದಕ್ಕಾಗಿ. ಲೇಬರ್ ಗುತ್ತಿಗೆಯ ಕರಾರಿನಲ್ಲಿ ನೀರು ಹೊಡೆಯುವುದು ಬಹುತೇಕ ಮಾಲೀಕರ ಪಾಲಿಗೇ ಇರುತ್ತದೆ, ಮಾಲೀಕರು ಬೆಳಗ್ಗೆ ಒಂದು, ಸಂಜೆ ಒಂದು ಪೈಪು ಹಿಡಿದು ಮುಗಿಸುತ್ತಾರೆ. ನಮ್ಮ ಬೇಸಿಗೆಯಲ್ಲಿ ಅದು ಏನೂ ಅಲ್ಲ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಾದರೆ, ಬಿಸಿಲು, ಒಣಗಾಳಿ ಇರುವಲ್ಲಿ ಕನಿಷ್ಠ 14 ದಿನ ಒಂದು ಗಳಿಗೆಯೂ ಮೈ ಒಣಗಬಾರದು. ಛತ್ತಿನ ಮೇಲೆ ಮಣ್ಣಿನ ಒಡ್ಡು ಕಟ್ಟಿ ಚೌಕ ಮಾಡಿ ಎರಡು ಇಂಚು ನೀರು ನಿಲ್ಲಿಸಿದ್ದಾರೆ: 960 ಚದರ ಅಡಿಗೆ ಒಂದು ಭರ್ತಿ ಅಂದರೆ ನಾಲ್ಕೂವರೆ ಸಾವಿರ ಲೀಟರ್. ದಿನಕ್ಕೆ ಒಂದು ಸೆಂಟಿಮೀಟರ್ ಆವಿಯಾದರೂ 900 ಲೀಟರ್ ಮತ್ತೆ ತುಂಬಬೇಕು, ಸೋರಿಕೆ ಬೇರೆ. ಮಹಿಳಾ ಸಮಾಜದವರು ಮನೆಗೊಂದು ಪಾಳಿ ಹಂಚಿಕೊಂಡು, ಪಾಳಿಯ ಪಟ್ಟಿಯನ್ನು ನೀರಿನ ಟಾಕಿಗೇ ಅಂಟಿಸಿದ್ದರು. ದಿನಕ್ಕೆ ಐದು ಸಲ ಏಣಿ ಹತ್ತಿ ಪ್ರತಿ ಚೌಕದಲ್ಲೂ ಬೆರಳು ಅದ್ದಿ ನೋಡುವುದು. ಬೆರಳಿನ ಮೊದಲ ಗಣ್ಣು ಮುಳುಗದಿದ್ದರೆ ನೀರು. "ಛತ್ತಿನ ಮ್ಯಾಲಿನ ನೀರ ಇಳದಾವ್ರೀ ವೈನಿ" ಎಂದು ಒಬ್ಬರು ಕೂಗಿದರೆ ಮೋಟರಿನ ಹತ್ತಿರ ಇನ್ನೊಬ್ಬರು. ಕರೆಂಟು ಇಲ್ಲದ ದಿನ ಕೊಡ ಹೊತ್ತಿದ್ದಾರೆ.

ಕಾಲಂಗಳದ್ದು ಇನ್ನೂ ಕಷ್ಟ, ಅಲ್ಲಿ ನೀರು ನಿಲ್ಲುವುದಿಲ್ಲ. ಗೋಣಿ ಚೀಲ ಸುತ್ತಿ, ಹುರಿಯಿಂದ ಬಿಗಿದು, ಅದರ ಮೇಲೆ ತಲೆಯ ಕಡೆಯಿಂದ ನೀರು ಇಳಿಸಬೇಕು. ದಕ್ಷಿಣ, ಪಶ್ಚಿಮದ ಕಾಲಂಗಳು ಮೊದಲು ಒಣಗುತ್ತವೆ, ಅವಕ್ಕೆ ಸುತ್ತು ಹೆಚ್ಚು. ಇದನ್ನು ಯಾರೂ ಹೇಳಿಕೊಡದೆ ಆ ತಾಯಂದಿರೇ ಎರಡನೇ ದಿನಕ್ಕೆ ಕಂಡುಕೊಂಡರು. ಇಳಿದ ನೀರು ಪಾಯಾದ ಪಕ್ಕ ಮಡುಗಟ್ಟದಂತೆ ಸಣ್ಣ ಕಾಲುವೆ ತೆಗೆದು ಬಯಲಿಗೆ ಬಿಟ್ಟಿದ್ದಾರೆ. ಎರೆ ಭೂಮಿಯಲ್ಲಿ ಕಟ್ಟುವವರು ಮರೆಯುವುದು ಇದನ್ನೇ: ಕಾಂಕ್ರೀಟಿಗೆ ಕೊಟ್ಟ ನೀರೇ ಕೆಳಗಿನ ಮಣ್ಣನ್ನು ಉಬ್ಬಿಸುತ್ತದೆ.

ಬೀಮಿನ ಕೆಳಗಿನ ಕಂಬಗಳ ವಿಷಯದಲ್ಲೂ ಗಟ್ಟಿಯಾಗಿ ನಿಂತರು. ಆರು ಮೀಟರ್ ಮೀರಿದ ಹರವಿನ ಬೀಮಿಗೆ 21 ದಿನ ಆಸರೆ ಬೇಕು, ಇಲ್ಲಿಯದು 7.3 ಮೀಟರ್. ಬಾಡಿಗೆ ಏರುತ್ತದೆ ಎಂದು ಹದಿನೈದಕ್ಕೇ ಬಿಚ್ಚಿಸುವ ಮಾತು ಬಂದಿತ್ತು. ಬಿಚ್ಚುವ ತಾರೀಖನ್ನು ಪ್ರತಿ ಕಂಬದ ಮೇಲೂ ಕೆಂಪು ಬಣ್ಣದಲ್ಲಿ ಬರೆದಿಟ್ಟಿದ್ದರಿಂದ ಆ ಮಾತು ಅಲ್ಲಿಗೇ ನಿಂತಿತು.

ಊಟದ ವ್ಯವಸ್ಥೆಯನ್ನು ಊರವರು ದಾಸೋಹ ಎಂದೇ ಕರೆದರು. ಬಸವಕಲ್ಯಾಣದ ಜಿಲ್ಲೆಯಲ್ಲಿ ಆ ಮಾತು ಯಾರ ಅಂಗಳಕ್ಕೂ ಹೊರಗಿನದಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಉಪ್ಪು ಹಾಕಿದ ಮಜ್ಜಿಗೆ. ಕೆಲಸದ ಹೊತ್ತು ಬೆಳಗ್ಗೆ ಆರರಿಂದ ಹತ್ತೂವರೆ, ಸಂಜೆ ನಾಲ್ಕೂವರೆಯಿಂದ ಏಳು. ನಡುವೆ ಛತ್ತಿನ ದಿನ ಬಿಟ್ಟರೆ ಯಾರೂ ಬಿಸಿಲಿಗೆ ಇಳಿದಿಲ್ಲ. ಗುಂಡಿಯ ಅಂಚಿನ ತಪ್ಪಿನ ಜೊತೆ ಕೈಕಾಲಿನ ರಕ್ಷಣೆಯೂ ಸಾಲಲಿಲ್ಲ. ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ. ಬರಿಗಾಲಲ್ಲಿ ಕಾಂಕ್ರೀಟು ತುಳಿದ ಕೆಲವರ ಬೆರಳ ಸಂದಿಯಲ್ಲಿ ಹುಣ್ಣಾಗಿದ್ದವು. ಗಮ್‌ಬೂಟು, ರಬ್ಬರ್ ಗ್ಲೌಸು, ಹೆಲ್ಮೆಟ್ಟು ಇವಕ್ಕೆ ಕಾಣಿಕೆಯ ದುಡ್ಡಲ್ಲಿ ಮೊದಲೇ ಪಾಲು ತೆಗೆದಿಡಬೇಕು. ಹೋದ ಒಂದು ಅಂಕದ ದೊಡ್ಡ ಭಾಗ ಇದೇ.

ನೆಲಕ್ಕೆ ಶಹಾಬಾದ್ ಫರ್ಸಿ. ಕಲಬುರಗಿ ಜಿಲ್ಲೆಯ ಈ ಸುಣ್ಣಗಲ್ಲು ಮನೆ, ಮಸೀದಿ, ಮಠ ಎಲ್ಲದರ ನೆಲದಲ್ಲೂ ಇದೆ, ಬೇಸಿಗೆಯಲ್ಲಿ ಕಾಲಿಗೆ ತಂಪು, ಟೈಲ್ಸಿಗಿಂತ ಕಿಸೆಗೂ ಹಗುರ. ಲಾರಿಯಿಂದ ಇಳಿದ ಕಲ್ಲನ್ನು ಯುವಕರು ಬಣ್ಣ, ದಪ್ಪ ನೋಡಿ ಬೇರೆ ಬೇರೆ ಅಟ್ಟಿ ಹಚ್ಚಿದರು. ನೀಲಿ ಬೂದು ನಡುವೆ, ಹಳದಿ ಛಾಯೆಯದು ಅಂಚಿಗೆ. ಹೀಗೆ ಆರಿಸಿ ಕೊಟ್ಟರೆ ಗೌಂಡಿಯ ವೇಗ ಹೆಚ್ಚುತ್ತದೆ, ನೆಲ ಚಪ್ಪಟೆಯಾಗಿ ಬರುತ್ತದೆ. ಕಲ್ಲು ಕೂರಿಸಿದ ಮರುದಿನ ನಾಣ್ಯದಿಂದ ಬಡಿದು ನೋಡಿ, ಪೊಳ್ಳು ಸದ್ದು ಬಂದ ಕಲ್ಲಿಗೆ ಸೀಮೆಸುಣ್ಣದ ಗುಣಾಕಾರ ಹಾಕಿದ್ದಾರೆ. ಆ ಹನ್ನೊಂದು ಕಲ್ಲನ್ನೂ ಎತ್ತಿ ಹೊಸ ಗಾರೆ ಹಾಕಿ ಕೂರಿಸಿದ್ದಾಗಿದೆ.

ಆದರೆ ಆಲ್ಟರಿನ ಎಡಕ್ಕೆ ಒಂದು ಅಡಿಯಷ್ಟು ಬಿಳಿಚಿದ ಜಾಗ ಇದೆ. ಪಾಲಿಶ್ ಆದ ಮೇಲೆ ಉಳಿದ ಸಿಮೆಂಟ್ ಕಲೆ ತೆಗೆಯಲು ಯಾರೋ ಪ್ರೀತಿಯಿಂದಲೇ ಆ್ಯಸಿಡ್ ಹಾಕಿದ್ದು. ಸುಣ್ಣಗಲ್ಲಿನ ಮೇಲೆ ಆ್ಯಸಿಡ್ ಬಿದ್ದರೆ ನೊರೆ ಬಂದು ಮೈ ತಿಂದುಹೋಗುತ್ತದೆ; ಶೌಚಾಲಯ ತೊಳೆಯುವ ದ್ರಾವಣ, ನಿಂಬೆರಸ, ಹುಣಸೆ ಎಲ್ಲದರಿಂದಲೂ ಅದೇ ಗತಿ. ಕಲೆಯನ್ನು ಬ್ಲೇಡಿನಿಂದ ಕೆರೆದು, ಸಾಬೂನು ನೀರಿನಲ್ಲಿ ಒರೆಸಬೇಕು. ಬಿಳಿಚಿದ್ದಕ್ಕೆ ಮತ್ತೆ ಪಾಲಿಶ್ ಒಂದೇ ಉಪಾಯ.

ಹಣದ ಲೆಕ್ಕ ಎರಡು ಪುಸ್ತಕದಲ್ಲಿದೆ. ಒಂದರಲ್ಲಿ ರೊಕ್ಕ, ಇನ್ನೊಂದರಲ್ಲಿ ಆಳು-ದಿನ ಮತ್ತು ವಸ್ತು: ಯಾರ ಟ್ರ್ಯಾಕ್ಟರ್ ಎಷ್ಟು ಟ್ರಾಲಿ, ಯಾರ ಮನೆಯ ಜೋಳ ಎಷ್ಟು ಸೇರು, ಯಾರು ಎಷ್ಟು ಪಾಳಿ. ಎರಡನ್ನೂ ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಮುಂದೆ ಓದಿದ್ದಾರೆ. ಮೂರನೇ ವಾರಕ್ಕೆ ಜನ ಕರಗದೆ ಇದ್ದದ್ದಕ್ಕೆ ಈ ಎರಡನೇ ಪುಸ್ತಕವೇ ಮುಖ್ಯ ಕಾರಣ ಎಂದು ನಮ್ಮ ಎಣಿಕೆ. ಹದಿನಾಲ್ಕು ದಿನ ಏಣಿ ಹತ್ತಿದವರ ಹೆಸರು ಸಾವಿರ ರೂಪಾಯಿ ಕೊಟ್ಟವರ ಹೆಸರಿನಷ್ಟೇ ದೊಡ್ಡ ದನಿಯಲ್ಲಿ ಕೇಳಿಸಿದೆ.

ಉಳಿದಿರುವ ಕೆಲಸ: ಕಟ್ಟಡದ ಸುತ್ತ ಮೂರು ಅಡಿ ಅಗಲದ ಕಾಂಕ್ರೀಟು ಪಟ್ಟಿ ಮೂರು ಬದಿ ಆಗಿದೆ, ಉತ್ತರದ ಬದಿ ಆಗಿಲ್ಲ. ಛತ್ತಿನ ಎರಡು ನೀರಿನ ಪೈಪು ಇಳಿಯುವುದು ಆ ಬದಿಗೇ. ಪಟ್ಟಿಯನ್ನು ಹೊರಕ್ಕೆ ಇಳಿಜಾರು ಕೊಟ್ಟು, ಗೋಡೆಗೂ ಪಟ್ಟಿಗೂ ನಡುವಿನ ಸಂದಿಗೆ ಡಾಂಬರು ತುಂಬಿ, ಪೈಪಿನ ನೀರನ್ನು ಕನಿಷ್ಠ ಹತ್ತು ಅಡಿ ದೂರಕ್ಕೆ ಒಯ್ಯಬೇಕು. ಅದೇ ಬದಿಯಲ್ಲಿ ಮಕ್ಕಳು ನೆಟ್ಟ ಬೇವಿನ ಸಸಿಗಳನ್ನು ಇನ್ನೂ ಚಿಕ್ಕವಿರುವಾಗಲೇ ಕಂಪೌಂಡಿನ ಅಂಚಿಗೆ ಸರಿಸಬೇಕು; ದೊಡ್ಡವಾದರೆ ಬೇರು ಪಾಯಾದ ಕೆಳಗಿನ ತೇವವನ್ನೇ ಹೀರುತ್ತದೆ. ಮಿರಗದ (ಮೃಗಶಿರಾ) ಮಳೆಗೆ ಮುಂಚೆ ಎರಡು ಶನಿವಾರ ಸಾಕು, ಮುರುಮು ಆಗಲೇ ಬಂದು ಬಿದ್ದಿದೆ.